ವಕೀಲರ ಫೀಸಿನ ದುಡ್ಡು ಯಾರದು, ಲೆಕ್ಕ ಕೊಡಬೇಕಾದವರು ಯಾರು?

ಮಹಿಳಾ ಸದಸ್ಯರಿಗೆ ಕಾನೂನು ಪಾಠ: ಉಚಿತ ಕಾನೂನು ನೆರವಿನ ಆಡಳಿತ

ಸಂಘದ ವಾರ್ಷಿಕ ಮಹಾಸಭೆಯಲ್ಲಿ ಜಮಾ-ಖರ್ಚು ಓದಲು ಶುರುವಾದ ಕೂಡಲೇ ಹಿಂದೆ ಕೂತು ಮಾತಾಡುತ್ತಿದ್ದವರೂ ಸುಮ್ಮನಾಗುತ್ತಾರೆ. ಪಶು ಆಹಾರದ ಬಾಬ್ತು ಎಷ್ಟು ಹಿಡಿದರು, ಬೋನಸ್ಸಿಗೆ ಎಷ್ಟು ಇಟ್ಟರು, ಆಡಿಟರ್ ಏನು ಆಕ್ಷೇಪ ಬರೆದಿದ್ದಾರೆ ಎಂದು ಕೇಳುವುದನ್ನು ನಮ್ಮ ಮಹಿಳಾ ಸದಸ್ಯರಿಗೆ ಯಾರೂ ಕಲಿಸಬೇಕಾಗಿಲ್ಲ. ಫ್ಯಾಟು ಒಂದು ಪಾಯಿಂಟು ಕಡಿಮೆ ಬಂದರೆ ನಿಂತು ಮರುಪರೀಕ್ಷೆ ಮಾಡಿಸುವವರು ನೀವು. ಆದರೆ ಅದೇ ಹೆಣ್ಣುಮಗಳು ಹೊಲದ ಪಾಲಿಗೋ ಜೀವನಾಂಶಕ್ಕೋ ಕೋರ್ಟಿಗೆ ಹೋದಾಗ, ಉಚಿತವಾಗಿ ಸಿಕ್ಕ ವಕೀಲರ ಮುಂದೆ ಬಾಯಿ ಕಟ್ಟಿದವಳಂತೆ ನಿಲ್ಲುತ್ತಾಳೆ. ‘ಪುಕ್ಕಟೆ ಕೊಟ್ಟಾರ, ನಾವೇನು ಕೇಳಾಕ ಬರ್ತದ?’ ಎನ್ನುವ ಮಾತು ನಮ್ಮ ಕಡೆ ಸಾಮಾನ್ಯ.

ಅಕ್ಕಂದಿರೇ, ಅದು ಪುಕ್ಕಟೆ ಅಲ್ಲ. ಆ ವಕೀಲರಿಗೆ ಫೀಸು ಸಲ್ಲುತ್ತದೆ. ಆ ಫೀಸು ಒಂದು ನಿಧಿಯಿಂದ ಬರುತ್ತದೆ, ನಿಧಿಯನ್ನು ಒಂದು ಪ್ರಾಧಿಕಾರ ನಡೆಸುತ್ತದೆ. ಆ ಪ್ರಾಧಿಕಾರಕ್ಕೂ ನಮ್ಮ ಸಂಘದಂತೆಯೇ ಅಧ್ಯಕ್ಷರಿದ್ದಾರೆ, ಕಾರ್ಯದರ್ಶಿ ಇದ್ದಾರೆ, ಲೆಕ್ಕಪುಸ್ತಕವಿದೆ, ಆಡಿಟ್ ಇದೆ. ಇದನ್ನು ತಿಳಿದವಳು ಕೇಳುವ ರೀತಿಯೇ ಬೇರೆ. ಆದ್ದರಿಂದ ಈ ಸಲದ ಪಾಠ ಕಾನೂನು ನೆರವು ಎಂದರೇನು ಎಂಬುದಕ್ಕಿಂತ ಅದನ್ನು ಯಾರು, ಯಾರ ದುಡ್ಡಿನಲ್ಲಿ, ಯಾರಿಗೆ ಉತ್ತರ ಕೊಡುತ್ತ ನಡೆಸುತ್ತಾರೆ ಎಂಬುದರ ಮೇಲೆ.

ಎಲ್ಲಿಂದ ಬಂತು ಈ ಹಕ್ಕು

1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿಯಾದಾಗ 39ಎ ಎಂಬ ವಿಧಿ ಸೇರಿತು. ಬಡತನದಿಂದಾಗಲಿ ಬೇರೆ ಯಾವುದೇ ಕೊರತೆಯಿಂದಾಗಲಿ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕೆ ಸರ್ಕಾರ ಉಚಿತ ಕಾನೂನು ನೆರವಿನ ಏರ್ಪಾಡು ಮಾಡಬೇಕು ಎನ್ನುವುದು ಅದರ ಸಾರ. ಪುಸ್ತಕದಲ್ಲಿದ್ದ ಈ ಮಾತಿಗೆ ಜೀವ ಬಂದದ್ದು 1979ರಲ್ಲಿ. ಬಿಹಾರದ ಜೈಲುಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದ ಬಡವರ ಪರವಾಗಿ ಕಪಿಲಾ ಹಿಂಗೋರಾನಿ ಎಂಬ ವಕೀಲೆ ಸುಪ್ರೀಂ ಕೋರ್ಟಿಗೆ ಹೋದರು. ತಪ್ಪು ಸಾಬೀತಾಗಿದ್ದರೂ ಆಗುತ್ತಿದ್ದ ಶಿಕ್ಷೆಗಿಂತ ಹೆಚ್ಚು ದಿನ ಒಳಗಿದ್ದವರು ಅವರಲ್ಲಿದ್ದರು. ಹುಸೇನಾರಾ ಖಾತೂನ್ ಎಂಬ ಹೆಣ್ಣುಮಗಳ ಹೆಸರಿನಲ್ಲಿ ದಾಖಲಾದ ಆ ಪ್ರಕರಣದಲ್ಲಿ, ವಕೀಲರನ್ನಿಟ್ಟುಕೊಳ್ಳಲು ಶಕ್ತಿಯಿಲ್ಲದ ಆರೋಪಿಗೆ ವಕೀಲರನ್ನು ಕೊಡುವುದು ಸರ್ಕಾರದ ಹೊಣೆ ಎಂದು ಕೋರ್ಟು ಹೇಳಿತು. ಎರಡು ವರ್ಷದ ನಂತರ ಇನ್ನೊಂದು ಪ್ರಕರಣದಲ್ಲಿ ‘ದುಡ್ಡಿಲ್ಲ’ ಎಂಬ ನೆಪವನ್ನೂ ಸರ್ಕಾರ ಹೇಳುವಂತಿಲ್ಲ ಎಂದಿತು.

ಆಮೇಲೆ ಬಂದದ್ದು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987. ಸಂಸತ್ತಿನಲ್ಲಿ ಪಾಸಾದರೂ ಅದು ಜಾರಿಗೆ ಬರಲು ಎಂಟು ವರ್ಷ ಹಿಡಿಯಿತು. 1995ರ ನವೆಂಬರ್ 9ರಂದು ಜಾರಿಯಾಯಿತು. ಪ್ರತಿ ವರ್ಷ ಆ ದಿನ ಕೋರ್ಟಿನವರು ಶಾಲೆ, ಪಂಚಾಯಿತಿಗಳಲ್ಲಿ ಅರಿವಿನ ಕಾರ್ಯಕ್ರಮ ಮಾಡುವುದನ್ನು ನೀವು ನೋಡಿರಬಹುದು.

ಹೆಣ್ಣಾಗಿದ್ದರೆ ಸಾಕು

ಯಾರಿಗೆ ನೆರವು ಎಂಬುದನ್ನು ಕಾಯ್ದೆಯ 12ನೇ ಕಲಂ ಹೇಳುತ್ತದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಜೀತಕ್ಕೆ ಅಥವಾ ಮನುಷ್ಯರ ಮಾರಾಟಕ್ಕೆ ಸಿಕ್ಕವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಜಾತಿ ದೌರ್ಜನ್ಯಕ್ಕೆ ಗುರಿಯಾದವರು, ಪ್ರವಾಹ, ಬರ, ಭೂಕಂಪ, ಕೈಗಾರಿಕಾ ದುರಂತಕ್ಕೆ ಸಿಕ್ಕವರು ಆ ಪಟ್ಟಿಯಲ್ಲಿದ್ದಾರೆ. ಕೃಷ್ಣಾ-ತುಂಗಭದ್ರಾ ನಡುವಿನ ನಮ್ಮ ಜಿಲ್ಲೆಗೆ ಬರ, ನೆರೆ ಎರಡೂ ಹೊಸತಲ್ಲ. 2009ರ ಅಕ್ಟೋಬರ್ ನೆರೆಯನ್ನು ನದಿ ದಂಡೆಯ ಊರಿನವರು ಮರೆತಿಲ್ಲ. ಇವರ ಜೊತೆಗೆ ಕಡಿಮೆ ಆದಾಯದವರು ಎಂಬ ವರ್ಗವಿದೆ. ಕರ್ನಾಟಕದಲ್ಲಿ ಅದಕ್ಕೆ ಮಿತಿ ವರ್ಷಕ್ಕೆ 3 ಲಕ್ಷ ರೂಪಾಯಿ.

ಇದೇ ಪಟ್ಟಿಯ ನಡುವೆ ಚಿಕ್ಕದೊಂದು ಸಾಲಿದೆ: ಮಹಿಳೆ ಅಥವಾ ಮಗು. ಯಾವ ಮಹಿಳೆ, ಎಷ್ಟು ಆದಾಯ, ಯಾವ ಜಾತಿ, ಗಂಡನಿಗೆ ನೌಕರಿ ಇದೆಯೋ ಇಲ್ಲವೋ ಎಂಬ ಷರತ್ತು ಯಾವುದೂ ಅಲ್ಲಿಲ್ಲ. ನಾಲ್ಕು ಎಮ್ಮೆ ಕಟ್ಟಿ ಹದಿನೈದು ದಿನಕ್ಕೊಮ್ಮೆ ಒಳ್ಳೆ ಬಟವಾಡೆ ತೆಗೆದುಕೊಳ್ಳುವವಳಿಗೂ, ಒಂದು ಲೀಟರ್ ಹಾಲು ಹಾಕುವವಳಿಗೂ ಸಮಾನ ಹಕ್ಕು. ಆದ್ದರಿಂದ ನೆರವು ಕೇಳಲು ಹೋದ ಹೆಣ್ಣುಮಗಳಿಗೆ ಯಾರಾದರೂ ‘ಮೊದಲು ತಹಶೀಲ್ದಾರರ ಆದಾಯ ಪ್ರಮಾಣಪತ್ರ ತಗೊಂಡು ಬಾರಮ್ಮ’ ಎಂದರೆ, ‘ನಾನು ಮಹಿಳೆ ಎಂಬ ಖಂಡದಲ್ಲಿ ಕೇಳುತ್ತಿದ್ದೇನೆ, ಅದಕ್ಕೆ ಆದಾಯದ ಮಿತಿ ಇಲ್ಲ’ ಎಂದು ನಿಧಾನವಾಗಿ ಹೇಳಿ. ಆದಾಯದ ಲೆಕ್ಕದಲ್ಲಿ ಬರುವ ಗಂಡಸರ ವಿಷಯದಲ್ಲೂ ಪ್ರಮಾಣ ಮಾಡಿ ಬರೆದುಕೊಟ್ಟ ಅಫಿಡವಿಟ್ಟನ್ನೇ ಸಾಕೆಂದು ಒಪ್ಪಲು 13ನೇ ಕಲಂನಲ್ಲಿ ಅವಕಾಶವಿದೆ, ಅನುಮಾನಕ್ಕೆ ಕಾರಣ ಇಲ್ಲದಿದ್ದರೆ.

ಒಂದು ಷರತ್ತು ಮಾತ್ರ ಎಲ್ಲರಿಗೂ ಉಂಟು. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಕಾಣಬೇಕು. ಅದು ನ್ಯಾಯವೇ. ನಿಧಿ ಎಲ್ಲರದು, ಹುರುಳಿಲ್ಲದ ಜಗಳಕ್ಕೆ ಸುರಿಯಲಾಗದು.

ನಡೆಸುವವರು ಯಾರು

ನಮ್ಮ ವ್ಯವಸ್ಥೆಯಲ್ಲಿ ಹಳ್ಳಿಗೆ ಸಂಘ, ಜಿಲ್ಲೆಗಳಿಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ ಇದೆಯಲ್ಲ, ಅದೇ ತರಹ ಇಲ್ಲೂ ಮೆಟ್ಟಿಲುಗಳಿವೆ. ಬುಡದಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿ. ಆ ತಾಲೂಕಿನಲ್ಲಿ ಕೆಲಸ ಮಾಡುವ ಅತಿ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ದೇವದುರ್ಗದವರಿಗೆ ದೇವದುರ್ಗದ ಕೋರ್ಟಿನಲ್ಲಿ, ಮಾನ್ವಿಯವರಿಗೆ ಮಾನ್ವಿಯ ಕೋರ್ಟಿನಲ್ಲಿ ಈ ಸಮಿತಿ ಸಿಗುತ್ತದೆ. ಅದರ ಮೇಲೆ ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ಕಾರ್ಯದರ್ಶಿಯೂ ನ್ಯಾಯಾಂಗ ಸೇವೆಯ ಅಧಿಕಾರಿಯೇ, ಅಂದರೆ ಅವರೂ ನ್ಯಾಯಾಧೀಶರೇ. ಶಕ್ತಿನಗರ, ದೇವಸೂಗೂರು ಕಡೆಯವರಿಗೆ ರಾಯಚೂರು ಕೋರ್ಟಿನ ಆವರಣವೇ ಹತ್ತಿರ.

ರಾಜ್ಯ ಮಟ್ಟದಲ್ಲಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಬೆಂಗಳೂರಿನ ಸಿದ್ದಯ್ಯ ರಸ್ತೆಯ ‘ನ್ಯಾಯ ದೇಗುಲ’ ಕಟ್ಟಡದಲ್ಲಿ ಅದರ ಕಚೇರಿ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು ಅದರ ಮುಖ್ಯ ಪೋಷಕರು. ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿಯೊಬ್ಬರು ಕಾರ್ಯಕಾರಿ ಅಧ್ಯಕ್ಷರು. ದಿನನಿತ್ಯದ ಕೆಲಸ ಸದಸ್ಯ ಕಾರ್ಯದರ್ಶಿಯದು, ಅವರೂ ಜಿಲ್ಲಾ ನ್ಯಾಯಾಧೀಶರ ದರ್ಜೆಗೆ ಕಡಿಮೆ ಇರಬಾರದು. ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಪೋಷಕತ್ವದಲ್ಲಿ ರಾಷ್ಟ್ರೀಯ ಪ್ರಾಧಿಕಾರವಿದೆ. ನಾಲ್ಸಾ ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಅದೇ. ನಿಯಮ ಮಾಡುವುದು, ಹಣ ಹಂಚುವುದು ಅದರ ಕೆಲಸ.

ಇಲ್ಲಿ ಸಂಘಕ್ಕೂ ಪ್ರಾಧಿಕಾರಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ಸಂಘದಲ್ಲಿ ನೀವು ಓಟು ಹಾಕಿ ನಿರ್ದೇಶಕರನ್ನು ಆರಿಸುತ್ತೀರಿ. ಇಲ್ಲಿ ಓಟಿಲ್ಲ. ಅಧ್ಯಕ್ಷರು ಹುದ್ದೆಯ ಬಲದಿಂದ ಬರುತ್ತಾರೆ, ಉಳಿದ ಸದಸ್ಯರನ್ನು ಸರ್ಕಾರ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಜೊತೆ ಸಮಾಲೋಚಿಸಿ ನೇಮಿಸುತ್ತದೆ. ನೆರವು ಪಡೆಯುವವರು ಅಲ್ಲಿ ಕೂತು ಕೈ ಎತ್ತುವ ಏರ್ಪಾಡು ಕಾಯ್ದೆಯಲ್ಲಿಲ್ಲ.

ದುಡ್ಡು ಸರ್ಕಾರದ್ದು, ಕೀಲಿಕೈ ನ್ಯಾಯಾಧೀಶರದು

ನಿಧಿಗಳು ಮೂರು: ರಾಷ್ಟ್ರೀಯ, ರಾಜ್ಯ, ಜಿಲ್ಲಾ ಕಾನೂನು ನೆರವು ನಿಧಿ. ಕೇಂದ್ರ ಸರ್ಕಾರದ ಅನುದಾನ ರಾಷ್ಟ್ರೀಯ ನಿಧಿಗೆ ಬರುತ್ತದೆ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ಜಿಲ್ಲೆಗೆ ಇಳಿಯುತ್ತದೆ, ಮೇಲಿನ ಕಾಲುವೆಯಿಂದ ವಿತರಣಾ ಕಾಲುವೆಗೆ ನೀರು ಬಂದಂತೆ. ಕೊನೆ ಭಾಗದ ಹೊಲಕ್ಕೆ ಎಷ್ಟು ಮುಟ್ಟುತ್ತದೆ ಎಂಬ ಚಿಂತೆ ಮಾನ್ವಿ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ದಾನಿಗಳು ಕೊಟ್ಟ ಹಣ, ಕೋರ್ಟಿನ ಆದೇಶದಂತೆ ಬಂದ ಹಣವೂ ಇದಕ್ಕೆ ಸೇರುತ್ತದೆ. ರಾಜ್ಯ ಮತ್ತು ಜಿಲ್ಲಾ ಪ್ರಾಧಿಕಾರಗಳ ಸಿಬ್ಬಂದಿ ಸಂಬಳ, ಕಚೇರಿ ಖರ್ಚನ್ನು ರಾಜ್ಯದ ಸಂಚಿತ ನಿಧಿ ಹೊರುತ್ತದೆ. ತಾಲೂಕು ಸಮಿತಿಯ ಖರ್ಚು ಜಿಲ್ಲಾ ನಿಧಿಯಿಂದ.

ಲೆಕ್ಕ? ಅದನ್ನು ಪರಿಶೋಧಿಸುವವರು ಭಾರತದ ಮಹಾಲೇಖಪಾಲರು, ಅಂದರೆ ಸಿಎಜಿ. ಸರ್ಕಾರದ ದೊಡ್ಡ ದೊಡ್ಡ ಇಲಾಖೆಗಳ ಲೆಕ್ಕ ನೋಡುವವರೇ ಇದನ್ನೂ ನೋಡುತ್ತಾರೆ. ಪರಿಶೋಧಿಸಿದ ಲೆಕ್ಕ ಸಂಸತ್ತಿನ ಮುಂದೆ, ವಿಧಾನಮಂಡಲದ ಮುಂದೆ ಬರಬೇಕೆಂದು 18ನೇ ಕಲಂ ಹೇಳುತ್ತದೆ. ಮಹಾಸಭೆಯಲ್ಲಿ ಆಡಿಟ್ ವರದಿ ಓದುವ ಕ್ರಮಕ್ಕೆ ಇದು ಸಮ. ಬೇರೆ ಏನೆಂದರೆ, ಅಲ್ಲಿ ನಿಮ್ಮ ಪರವಾಗಿ ಕೂತಿರುವವರು ನಿಮ್ಮ ಶಾಸಕರು. ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ ಕ್ಷೇತ್ರದ ಶಾಸಕರು ಊರಿಗೆ ಬಂದಾಗ ರಸ್ತೆ, ನೀರು ಕೇಳುವ ಜೊತೆ ‘ನಮ್ಮ ತಾಲೂಕಿಗೆ ಕಾನೂನು ನೆರವಿನ ದುಡ್ಡು ಎಷ್ಟು ಬಂತು’ ಎಂದು ಕೇಳಿದರೆ ಯಾವ ತಪ್ಪೂ ಇಲ್ಲ.

ಸರ್ಕಾರವೇ ದುಡ್ಡು ಕೊಡುವಾಗ ಸರ್ಕಾರವೇ ನಡೆಸಬಹುದಿತ್ತಲ್ಲ, ಜಿಲ್ಲಾಧಿಕಾರಿಗಳ ಬದಲು ಜಿಲ್ಲಾ ನ್ಯಾಯಾಧೀಶರನ್ನು ಯಾಕೆ ಅಧ್ಯಕ್ಷರನ್ನಾಗಿ ಮಾಡಿದರು? ಉತ್ತರ ಶಕ್ತಿನಗರದ ಸುತ್ತಲಿನ ಹೊಲಗಳಲ್ಲಿ ಸಿಗುತ್ತದೆ. ಕೃಷ್ಣೆಯ ದಂಡೆಯಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಈಗ ಎಂಟು ಘಟಕ, ಒಟ್ಟು 1,720 ಮೆಗಾವಾಟ್ ಸಾಮರ್ಥ್ಯ. ಆಮೇಲೆ ಯರಮರಸ್‌ನಲ್ಲಿ 1,600 ಮೆಗಾವಾಟಿನ ಮತ್ತೊಂದು ಕೇಂದ್ರ ಬಂತು. ಇಂಥ ಯೋಜನೆಗೆ, ಕಾಲುವೆಗೆ, ರಸ್ತೆಗೆ ಭೂಮಿ ಬಿಟ್ಟುಕೊಟ್ಟ ಕುಟುಂಬ ಪರಿಹಾರ ಸಾಲದು ಎಂದು ಕೋರ್ಟಿಗೆ ಹೋದರೆ ಎದುರಾಳಿ ಯಾರು? ಸರ್ಕಾರ ಅಥವಾ ಸರ್ಕಾರದ ನಿಗಮ. ಎದುರಾಳಿಯ ಕೈಯಲ್ಲೇ ನಿಮ್ಮ ವಕೀಲರ ಫೀಸಿನ ಕೀಲಿಕೈ ಇದ್ದರೆ ಗತಿಯೇನು? ಆದ್ದರಿಂದ ದುಡ್ಡು ಸರ್ಕಾರದ್ದಾದರೂ ಅರ್ಜಿ ಒಪ್ಪುವ, ವಕೀಲರನ್ನು ಗೊತ್ತುಮಾಡುವ ಅಧಿಕಾರವನ್ನು ಕಾಯ್ದೆ ನ್ಯಾಯಾಧೀಶರ ಕೈಗಿಟ್ಟಿತು. ಸರ್ಕಾರದ ವಿರುದ್ಧದ ಕೇಸಿಗೂ ಈ ನೆರವು ಸಿಗುತ್ತದೆ ಎಂಬುದನ್ನು ಬಹಳ ಜನ ನಂಬುವುದಿಲ್ಲ. ಸಿಗುತ್ತದೆ.

ಬೇರೆ ದೇಶದವರೂ ಇದೇ ಗಂಟಿನೊಡನೆ ಗುದ್ದಾಡಿದ್ದಾರೆ. ಇಂಗ್ಲೆಂಡಿನಲ್ಲಿ 1949ರ ಕಾಯ್ದೆಯಿಂದ ಕಾನೂನು ನೆರವು ಶುರುವಾದಾಗ ಅದನ್ನು ನಡೆಸಿದ್ದು ವಕೀಲರ ಸಂಘ. ಆಮೇಲೆ ಒಂದು ಮಂಡಳಿ, ಅದರ ನಂತರ ಸರ್ಕಾರದಿಂದ ತುಸು ದೂರ ನಿಂತ ಒಂದು ಆಯೋಗ ಬಂತು. 2013ರಲ್ಲಿ ಆ ಆಯೋಗವನ್ನೂ ತೆಗೆದು, ಕೆಲಸವನ್ನು ನ್ಯಾಯ ಸಚಿವಾಲಯದ ಒಳಗಿನ ಒಂದು ಸಂಸ್ಥೆಗೆ ಕೊಟ್ಟರು. ಯಾರ ಕೇಸಿಗೆ ನೆರವು ಕೊಡಬೇಕೆಂದು ಮಂತ್ರಿ ಹೇಳುವಂತಿಲ್ಲ ಎಂದು ಕಾನೂನಿನಲ್ಲೇ ಬರೆದರು. ಆದರೆ ಅದೇ ಕಾನೂನು ಖರ್ಚು ಉಳಿಸಲು ಗಂಡ-ಹೆಂಡಿರ ವ್ಯಾಜ್ಯಗಳಲ್ಲಿ ಬಹುಪಾಲನ್ನು ನೆರವಿನ ಪಟ್ಟಿಯಿಂದಲೇ ಹೊರಗೆ ಹಾಕಿತು.

ಅಮೆರಿಕದ ಕಾನೂನು ಸೇವೆಗಳ ನಿಗಮ 1974ರದು. ಅದರ ಆಡಳಿತ ಮಂಡಳಿಯಲ್ಲಿ 11 ಜನ. ಒಂದೇ ಪಕ್ಷದವರು ಆರಕ್ಕಿಂತ ಹೆಚ್ಚು ಇರುವಂತಿಲ್ಲ. ನಮಗೆ ಹೆಚ್ಚು ಮುಖ್ಯವಾದದ್ದು ಇನ್ನೊಂದು ನಿಯಮ. ಆ ನಿಗಮದಿಂದ ಹಣ ಪಡೆಯುವ ಊರೂರಿನ ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಮೂರನೇ ಒಂದು ಭಾಗ ಜನ, ನೆರವು ಪಡೆಯಲು ಅರ್ಹರಾದ ಬಡವರೇ ಇರಬೇಕು. ಹಾಲು ಹಾಕುವವರೇ ನಿರ್ದೇಶಕರಾಗುವ ವ್ಯವಸ್ಥೆಯಿಂದ ಬಂದ ನಮಗೆ ಇದು ಸಹಜವಾಗಿ ಕಾಣುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ನ್ಯಾಯಾಧೀಶರ ಹಿಡಿತ ನಮ್ಮ ವ್ಯವಸ್ಥೆಯ ಗಟ್ಟಿತನ, ನೆರವು ಪಡೆಯುವವರ ದನಿ ಇಲ್ಲದಿರುವುದು ಅದರ ಕೊರತೆ. ಆ ಕೊರತೆ ತುಂಬುವವರೆಗೆ ನಮಗೆ ಉಳಿದಿರುವ ದಾರಿ ಕಾಗದದ ಮೇಲೆ ಕೇಳುವುದು.

ಒಂದು ಅರ್ಜಿಯ ಬೆನ್ನು ಹತ್ತೋಣ

ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ತವರು ದೇವದುರ್ಗ ತಾಲೂಕು, ಕೊಟ್ಟ ಮನೆ ಮಾನ್ವಿ ತಾಲೂಕು. ಅಪ್ಪ ತೀರಿಕೊಂಡಿದ್ದಾನೆ. ಹಿರಿಯರಿಂದ ಬಂದ ಎಂಟು ಎಕರೆಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ಬೆಲೆ ಏರಿದೆ. ಅಣ್ಣಂದಿರು ಒಂದು ಸೀರೆ, ಒಂದಿಷ್ಟು ದುಡ್ಡು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಎನ್ನುತ್ತಿದ್ದಾರೆ. ಇವಳ ಮದುವೆಯಾದದ್ದು 1990ರಲ್ಲಿ, ‘ನಿನಗ ಪಾಲಿಲ್ಲ’ ಎನ್ನುವುದು ಅವರ ಮಾತು.

ಸಹಿಗೆ ಮೊದಲೇ ಇವಳು ಪ್ರಾಧಿಕಾರಕ್ಕೆ ಹೋಗಬಹುದು. ಕಾನೂನು ಸೇವೆ ಎಂದರೆ ಕೇಸು ನಡೆಸುವುದಷ್ಟೇ ಅಲ್ಲ, ಸಲಹೆ ಕೊಡುವುದೂ ಸೇರಿದೆ ಎಂದು ಕಾಯ್ದೆಯೇ ಹೇಳಿದೆ. ಅಲ್ಲಿ ಅವಳಿಗೆ ತಿಳಿಯುವುದೇನೆಂದರೆ, 1994ರಲ್ಲಿ ಜಾರಿಯಾದ ಕರ್ನಾಟಕದ ತಿದ್ದುಪಡಿ ಅದಕ್ಕೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು, ನಿಜ. ಆದರೆ 2005ರ ಕೇಂದ್ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಮಾತು ಬೇರೆ. ಇಷ್ಟನ್ನು ಕೇಳಿಕೊಂಡು ಬಂದವಳು ಸಹಿ ಹಾಕುತ್ತಾಳೋ ಬಿಡುತ್ತಾಳೋ ಅವಳ ಇಷ್ಟ. ಆದರೆ ತಿಳಿದು ಹಾಕುತ್ತಾಳೆ.

ಕೇಸು ಹಾಕುವುದೇ ಆದರೆ ಹೊಲ ಇರುವುದು ದೇವದುರ್ಗದಲ್ಲಿ. ಅರ್ಜಿಯನ್ನು ಮಾನ್ವಿಯ ಸಮಿತಿಯಲ್ಲಿ ಕೊಟ್ಟು ಸಂಬಂಧಪಟ್ಟ ಕಡೆಗೆ ಕಳಿಸಲು ಕೇಳಬಹುದು. ಅರ್ಜಿ ಕನ್ನಡದಲ್ಲೇ ಇರಲಿ. ಬರೆಯಲು ಬಾರದಿದ್ದರೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಅಲ್ಲಿಯವರು ಬರೆದುಕೊಳ್ಳುತ್ತಾರೆ. 15100 ಎಂಬ ಉಚಿತ ಸಹಾಯವಾಣಿಗೂ ಫೋನು ಮಾಡಬಹುದು. ಗುರುತಿನ ಚೀಟಿ, ಪಹಣಿ, ವಂಶವೃಕ್ಷ, ಅಪ್ಪನ ಮರಣ ಪ್ರಮಾಣಪತ್ರ ಕೈಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದೆ. ಕೊಟ್ಟ ಅರ್ಜಿಯ ಒಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳುವುದನ್ನು ಮಾತ್ರ ಬಿಡಬೇಡಿ. ಹಾಲಿನ ಚೀಟಿ ಜೋಪಾನ ಮಾಡಿದಂತೆ ಮಾಡಿ.

ತಾರೀಕು ಯಾಕೆ ಬೇಕೆಂದರೆ, ರಾಷ್ಟ್ರೀಯ ಪ್ರಾಧಿಕಾರದ 2010ರ ನಿಯಮಾವಳಿಯ ಪ್ರಕಾರ ಅರ್ಜಿಯ ಮೇಲೆ ಕೂಡಲೇ, ಹೆಚ್ಚೆಂದರೆ ಏಳು ದಿನದೊಳಗೆ ತೀರ್ಮಾನ ಆಗಬೇಕು. ಕಾರ್ಯದರ್ಶಿಯವರು ಆಗುವುದಿಲ್ಲ ಎಂದರೆ ಅಲ್ಲಿಗೇ ಮುಗಿಯಲಿಲ್ಲ. ಅಧ್ಯಕ್ಷರಿಗೆ ಮೇಲ್ಮನವಿ ಕೊಡಬಹುದು. ಜಿಲ್ಲಾ ಪ್ರಾಧಿಕಾರದಲ್ಲಿ ಅಧ್ಯಕ್ಷರೆಂದರೆ ಜಿಲ್ಲಾ ನ್ಯಾಯಾಧೀಶರು. ಅವರ ತೀರ್ಮಾನವೇ ಕೊನೆ. ‘ಆಗಲ್ಲಮ್ಮ’ ಎಂಬ ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲಾಗದು. ಆದ್ದರಿಂದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ಅರ್ಜಿ ಒಪ್ಪಿಗೆಯಾದರೆ ಪ್ಯಾನೆಲ್ ವಕೀಲರ ಪಟ್ಟಿಯಿಂದ ಒಬ್ಬರನ್ನು ಗೊತ್ತುಮಾಡುತ್ತಾರೆ. ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಕಡಿಮೆ ಅನುಭವ ಇದ್ದವರನ್ನು ಆ ಪಟ್ಟಿಗೆ ಸೇರಿಸುವುದಿಲ್ಲ. ಕೋರ್ಟು ಶುಲ್ಕ, ನೋಟಿಸ್ ಖರ್ಚು, ಟೈಪಿಂಗ್, ದಾಖಲೆಗಳ ನಕಲಿನ ಖರ್ಚು ಎಲ್ಲವೂ ನೆರವಿನಲ್ಲೇ ಬರುತ್ತವೆ. ವಕೀಲರಿಗೆ ಪ್ರಾಧಿಕಾರವೇ ನಿಗದಿತ ದರದಲ್ಲಿ ಫೀಸು ಕೊಡುತ್ತದೆ. ಹೊರಗಿನ ಫೀಸಿಗೆ ಹೋಲಿಸಿದರೆ ಆ ದರ ಕಡಿಮೆ ಎಂಬುದು ವಕೀಲರ ಅಳಲು, ಅದು ಸುಳ್ಳಲ್ಲ. ಹಿರಿಯರು ಪಟ್ಟಿಗೆ ಬರಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಆದರೆ ಆ ಕೊರತೆಯನ್ನು ಕಕ್ಷಿದಾರಳ ಸೆರಗಿನ ಗಂಟಿನಿಂದ ತುಂಬಿಕೊಳ್ಳುವಂತಿಲ್ಲ. ನೆರವು ಪಡೆದವರಿಂದ ಪ್ಯಾನೆಲ್ ವಕೀಲರು ಫೀಸು, ಕಾಣಿಕೆ, ಬೇರೆ ಯಾವ ರೂಪದ ಪ್ರತಿಫಲವನ್ನೂ ಕೇಳಬಾರದು, ಪಡೆಯಬಾರದು ಎಂದು ಅದೇ ನಿಯಮಾವಳಿ ಕಟ್ಟುನಿಟ್ಟಾಗಿ ಹೇಳಿದೆ. ‘ಖರ್ಚಿಗೆ ಒಂದೈದು ನೂರು’ ಎಂದರೂ ಅದು ತಪ್ಪೇ. ತುಪ್ಪದ ಡಬ್ಬಿಯೂ ಬೇಡ. ಪ್ರೀತಿಯಿಂದಲೇ ಕೊಡುತ್ತೀರಿ, ಗೊತ್ತು. ಆದರೆ ನಾಳೆ ಕೊಡಲು ತುಪ್ಪ ಇಲ್ಲದವಳ ಕೇಸು ಹಿಂದೆ ಬೀಳುತ್ತದೆ.

ವಕೀಲರು ಹಾಜರಾಗುತ್ತಿಲ್ಲ, ಫೋನು ಎತ್ತುತ್ತಿಲ್ಲ, ದುಡ್ಡು ಕೇಳುತ್ತಿದ್ದಾರೆ ಎಂದಾದರೆ ಯಾರಿಗೆ ಹೇಳಬೇಕು? ನೆರವು ಕೊಟ್ಟ ಕೇಸುಗಳು ಹೇಗೆ ಸಾಗುತ್ತಿವೆ ಎಂದು ನೋಡಲಿಕ್ಕೆಂದೇ ಪ್ರಾಧಿಕಾರದಲ್ಲಿ ಒಂದು ಮೇಲ್ವಿಚಾರಣಾ ಸಮಿತಿ ಇರಬೇಕೆಂದು ನಿಯಮವಿದೆ. ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟರೆ ಅದು ಆ ಸಮಿತಿಯ ಮುಂದೆ ಹೋಗುತ್ತದೆ. ಕೆಲಸ ಸರಿಯಿಲ್ಲದ ವಕೀಲರಿಂದ ಕೇಸನ್ನು ಹಿಂಪಡೆದು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪ್ರಾಧಿಕಾರಕ್ಕಿದೆ. ದುರ್ನಡತೆಯ ದೂರನ್ನು ರಾಜ್ಯ ವಕೀಲರ ಪರಿಷತ್ತಿಗೂ ಕೊಡಬಹುದು. ಪ್ರಾಧಿಕಾರದ ಬಗ್ಗೆಯೇ ತಿಳಿಯಬೇಕಾದರೆ, ಎಷ್ಟು ಅರ್ಜಿ ಬಂದವು, ಎಷ್ಟು ತಿರಸ್ಕಾರವಾದವು, ಜಿಲ್ಲಾ ನಿಧಿಗೆ ಎಷ್ಟು ಬಂತು, ಎಷ್ಟು ಖರ್ಚಾಗದೆ ಉಳಿಯಿತು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಕೇಳಬಹುದು.

ಎಮ್ಮೆಯ ವಿಮೆ, ಸಂಘದ ತಕರಾರು

ಹೊಲ, ಸಂಸಾರದ ವಿಷಯಕ್ಕಷ್ಟೇ ಇದು ಎಂದುಕೊಳ್ಳಬೇಡಿ. ಕಾಯ್ದೆ ‘ಕೋರ್ಟು’ ಎಂದಾಗ ಸಿವಿಲ್, ಕ್ರಿಮಿನಲ್ ಕೋರ್ಟಿನ ಜೊತೆ ಕಂದಾಯ ನ್ಯಾಯಾಲಯ, ನ್ಯಾಯಮಂಡಳಿ, ತೀರ್ಪು ಕೊಡುವ ಅಧಿಕಾರವಿರುವ ಇತರ ಪ್ರಾಧಿಕಾರಗಳನ್ನೂ ಸೇರಿಸಿದೆ. ಸಹಾಯಕ ಆಯುಕ್ತರ ಮುಂದಿನ ಮ್ಯುಟೇಶನ್ ತಕರಾರಿಗೂ ವಕೀಲರು ಸಿಗುತ್ತಾರೆ. ವಿಮೆ ಮಾಡಿಸಿದ ಎಮ್ಮೆ ಸತ್ತು, ಕಿವಿಯೋಲೆ ಇದ್ದು, ಪಶುವೈದ್ಯರ ಶವಪರೀಕ್ಷೆ ವರದಿ ಇದ್ದರೂ ಕಂಪನಿ ಕ್ಲೇಮು ತಳ್ಳಿಹಾಕಿದರೆ ಗ್ರಾಹಕರ ಆಯೋಗಕ್ಕೆ ಹೋಗಲೂ ನೆರವಿದೆ.

ಇನ್ನು ನಮ್ಮ ಮನೆಯ ಮಾತು. ಸಂಘದ ಆಡಳಿತ, ವ್ಯವಹಾರಕ್ಕೆ ಸಂಬಂಧಿಸಿದ ತಕರಾರುಗಳು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಪ್ರಕಾರ ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗುತ್ತವೆ. ಅದೂ ತೀರ್ಪು ಕೊಡುವ ಅಧಿಕಾರವೇ ಆದ್ದರಿಂದ ಸದಸ್ಯೆಯೊಬ್ಬಳು ಅಲ್ಲಿಗೂ ಕಾನೂನು ನೆರವು ಕೇಳಬಹುದು. ಒಕ್ಕೂಟದ ಪತ್ರಿಕೆಯಲ್ಲಿ ಸಂಘದ ವಿರುದ್ಧ ತಕರಾರು ಹಾಕುವ ದಾರಿ ಬರೆಯುವುದೇ ಎಂದು ಯಾರಾದರೂ ಹುಬ್ಬು ಏರಿಸಬಹುದು. ಸಂಘ ಸದಸ್ಯರದು. ಬರೆಯಲೇಬೇಕು.

ಲೋಕ ಅದಾಲತ್: ಒಪ್ಪುವ ಮುಂಚೆ

ಇದೇ ಪ್ರಾಧಿಕಾರ ಲೋಕ ಅದಾಲತ್ ನಡೆಸುತ್ತದೆ. ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸ್ಸು ಬರುತ್ತದೆ, ವರ್ಷಗಟ್ಟಲೆ ಅಲೆಯುವುದು ತಪ್ಪುತ್ತದೆ. ಒಳ್ಳೆಯದೇ. ಆದರೆ ಅಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಅದಾಲತ್ತಿಗೆ ತಾನಾಗಿ ತೀರ್ಪು ಕೊಡುವ ಅಧಿಕಾರ ಇಲ್ಲ. ಎರಡೂ ಕಡೆಯವರು ಒಪ್ಪಿದ್ದನ್ನು ಬರೆದುಕೊಳ್ಳುವುದಷ್ಟೇ ಅದರ ಕೆಲಸ ಎಂದು 2008ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗಾಗಿ ‘ಎಲ್ಲರೂ ಒಪ್ಯಾರ, ನೀನೂ ಹೆಬ್ಬೆಟ್ಟು ಒತ್ತವ್ವ’ ಎಂದು ಯಾರು ಅವಸರ ಮಾಡಿದರೂ, ಅಣ್ಣನಾಗಲಿ ವಕೀಲರಾಗಲಿ, ‘ಓದಿ ಹೇಳಿ, ನಾನು ತಿಳಿದುಕೊಳ್ಳಬೇಕು’ ಎನ್ನಿ. ಒಪ್ಪದಿದ್ದರೆ ನಷ್ಟವಿಲ್ಲ, ಕೇಸು ಮೊದಲಿದ್ದ ಕೋರ್ಟಿಗೇ ವಾಪಸ್ಸು ಹೋಗುತ್ತದೆ. ಖಾಯಂ ಲೋಕ ಅದಾಲತ್ ಎಂಬುದು ಬೇರೆ. ವಿಮೆ, ವಿದ್ಯುತ್, ನೀರು, ಸಾರಿಗೆಯಂಥ ಸೇವೆಗಳ ತಕರಾರನ್ನು ನೋಡುವ ಅದಕ್ಕೆ, ರಾಜಿಯಾಗದಿದ್ದರೆ ತೀರ್ಪು ಕೊಡುವ ಅಧಿಕಾರವೂ ಉಂಟು. ಎರಡನ್ನೂ ಬೆರೆಸಿಕೊಳ್ಳಬೇಡಿ.

ಮುಂದಿನ ಮಾಸಿಕ ಸಭೆಗೆ

ಪಾಠ ಓದಿದ ಮೇಲೆ ಸಂಘದ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ಓದಲು ಬಾರದ ಸದಸ್ಯರಿಗೆ ಬಲ್ಲವರು ಓದಿ ಹೇಳಲಿ. ನಿಮ್ಮೂರಿನಲ್ಲಿ ಪಾಲು, ಪರಿಹಾರ, ಜೀವನಾಂಶಕ್ಕಾಗಿ ಅಲೆಯುತ್ತಿರುವ ಹೆಣ್ಣುಮಕ್ಕಳು ಎಷ್ಟು ಜನ, ಅವರಲ್ಲಿ ಸಾಲ ಮಾಡಿ ವಕೀಲರನ್ನಿಟ್ಟವರು ಎಷ್ಟು ಎಂದು ಹೆಸರು ಹೇಳದೆಯೇ ಎಣಿಸಿ. ನೆರವು ಪಡೆದವರಿದ್ದರೆ ಅವರ ಅನುಭವ ಕೇಳಿ. ಏಳು ದಿನದಲ್ಲಿ ತೀರ್ಮಾನವಾಯಿತೇ, ಯಾರಾದರೂ ದುಡ್ಡು ಕೇಳಿದರೇ?

ತಾಲೂಕು ಸಮಿತಿಯ ಅಧ್ಯಕ್ಷರಿಗೆ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆದು, ಹಾಲಿನ ಡೇರಿಯ ಆವರಣದಲ್ಲೇ ಕಾನೂನು ಅರಿವು ಶಿಬಿರ ನಡೆಸಲು ಕೇಳಬಹುದು. ಬೆಳಗಿನ ಹಾಲು ಹಾಕಿದ ಮೇಲಿನ ಹೊತ್ತು ಎಂದು ಬರೆಯಿರಿ, ಮಧ್ಯಾಹ್ನ ಇಟ್ಟರೆ ಹೊಲಕ್ಕೆ ಹೋದವರು ಬರುವುದಿಲ್ಲ. ಪ್ಯಾರಾ ಲೀಗಲ್ ಸ್ವಯಂಸೇವಕರು ಎಂಬ ವ್ಯವಸ್ಥೆಯೂ ಪ್ರಾಧಿಕಾರದಲ್ಲಿದೆ. ವಕೀಲರಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಹಳ್ಳಿಯವರಿಗೂ ಪ್ರಾಧಿಕಾರಕ್ಕೂ ನಡುವೆ ಕೊಂಡಿಯಾಗಿ ಕೆಲಸ ಮಾಡಿಸಿ, ಕೆಲಸದ ದಿನಕ್ಕೆ ಗೌರವಧನ ಕೊಡುತ್ತಾರೆ. ಓದು ಬರಹ ಬಲ್ಲ, ನಾಲ್ಕು ಮನೆಯವರು ನಂಬುವ ಒಬ್ಬಳು ನಿಮ್ಮ ಸಂಘದಲ್ಲೇ ಇದ್ದಾಳೆಯೇ ನೋಡಿ, ಮುಂದಿನ ಆಯ್ಕೆಗೆ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಅದೇ ಪತ್ರದಲ್ಲಿ ಕೇಳಿ.